ಹೊಲ ಬಿಟ್ಟುಕೊಟ್ಟವರು ಬೋರಮಳ ಬಿಡುವುದಿಲ್ಲ

(ಕಲಬುರಗಿಯಲ್ಲಿ ಹಿರಿಯ ನಾಗರಿಕರ ಮುಂದೆ ಸಿವಿಲ್ ವಕೀಲರೊಬ್ಬರು ಆಡಿದ ಮಾತಿನ ಬರಹ ರೂಪ)

ವಿಲ್ ಬರೆಯುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ಹೊಲ, ಮನೆ, ಪ್ಲಾಟಿನ ವಿಚಾರ ನಿಮಗೆ ಚೆನ್ನಾಗಿ ಗೊತ್ತು. ಪಹಣಿಯನ್ನು ಬಾಯಿಪಾಠ ಹೇಳುವವರು ಈ ಸಭೆಯಲ್ಲೇ ನಾಲ್ಕಾರು ಜನ ಕಾಣುತ್ತಿದ್ದಾರೆ. ಅದಕ್ಕೇ ಇವತ್ತು ಸಣ್ಣ ಸಾಮಾನಿನ ವಿಚಾರ ಎತ್ತಿಕೊಳ್ಳುತ್ತೇನೆ. ಅವ್ವನ ಬೋರಮಳ, ಅಂದರೆ ಬಂಗಾರದ ಮಣಿಸರ. ಪಾಟ್ಲಿ ಬಳೆ. ಅಪ್ಪನ ಲಿಂಗ ಇಡುವ ಬೆಳ್ಳಿ ಕರಡಿಗೆ. ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದ ಹಾಲಿ ಸಿಕ್ಕಾ, ಚಾರ್‌ಮಿನಾರ್ ಚಿತ್ರದ ಆ ನಿಜಾಮರ ಕಾಲದ ರೂಪಾಯಿ. ಮನೆದೇವರ ಬೆಳ್ಳಿ ಮುಖ. ಹೊಲದ ಬೆಲೆಯ ಮುಂದೆ ಇವು ಲೆಕ್ಕಕ್ಕೇ ಇಲ್ಲ. ಆದರೆ ಅಣ್ಣ-ತಂಗಿ ಮಾತು ಬಿಡುವುದು ಇವುಗಳ ಸಲುವಾಗಿಯೇ.

ಪಾಲಿನ ದಾವೆ ಹಾಕುವಾಗ ನಾವು ಆಸ್ತಿಯನ್ನು ಶೆಡ್ಯೂಲ್ ಮಾಡಿ ಬರೆಯುತ್ತೇವೆ. ಎ ಶೆಡ್ಯೂಲ್‌ನಲ್ಲಿ ಹೊಲ, ಬಿ ಶೆಡ್ಯೂಲ್‌ನಲ್ಲಿ ಮನೆ, ಸಿ ಶೆಡ್ಯೂಲ್‌ನಲ್ಲಿ ಒಡವೆ-ವಸ್ತು. ಎ ಮತ್ತು ಬಿ ಎಷ್ಟೋ ಸಲ ಮೊದಲ ವರ್ಷದಲ್ಲೇ ರಾಜಿಗೆ ಬರುತ್ತವೆ. ಸಿ ಅರ್ಧ ಪುಟ ಇರುತ್ತದೆ ಅಷ್ಟೆ, ಆದರೆ ಅದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಅಫಜಲಪುರ ಕಡೆಯ ಒಂದು ಮನೆಯ ಕತೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಭೀಮಾ ದಂಡೆಯ ನೀರಾವರಿ ಹೊಲ, ಕಬ್ಬು ಬೆಳೆಯುವ ಭೂಮಿ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇತ್ತು. ನಮ್ಮ ರಾಜ್ಯ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತ್ತು, ಅಷ್ಟೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿಯಿಂದ ಆ ಭೇದವೂ ಹೋಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ಮಗಳ ಹಕ್ಕು ಹಕ್ಕೇ ಎಂದು ಹೇಳಿತು.

ಇಷ್ಟೆಲ್ಲ ಇದ್ದೂ ಆ ಇಬ್ಬರು ಹೆಣ್ಣುಮಕ್ಕಳು ಏನು ಮಾಡಿದರು ಗೊತ್ತಾ? ಅಪ್ಪ ಇದ್ದಾಗಲೇ ಒಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋದರು. ಒಂದು ರೂಪಾಯಿ ಕೇಳಲಿಲ್ಲ. ಯಾಕಮ್ಮ ಅಂತ ಕೇಳಿದರೆ, 'ತವರು ಮನಿ ಬಾಗಲಾ ತೆರದಿರಲಿ ಅಂತ್ರಿ' ಅಂದರು. ಪಂಚಮಿಗೆ ಕರೆಯಬೇಕು, ಉಡಿ ತುಂಬಿ ಕಳಿಸಬೇಕು, ಅಷ್ಟೇ ಅವರ ನಿರೀಕ್ಷೆ. ಇದು ಸರಿಯೋ ತಪ್ಪೋ ಅಂತ ನಾನು ತೀರ್ಪು ಕೊಡಲ್ಲ. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಯಲ್ಲಿ ನಡೆಯುವುದೇ ಇದು.

ಅವ್ವ ಮೊದಲು ಹೋದರು. ಏನೂ ಬರೆದಿಟ್ಟಿರಲಿಲ್ಲ. ನಾಲ್ಕು ವರ್ಷದ ನಂತರ ಅಪ್ಪ ಹೋದರು. ಅಪ್ಪ ವಿಲ್ ಬರೆದಿದ್ದರು. ಅದರಲ್ಲಿ ಒಂದು ಸಾಲು: 'ನನ್ನ ಹೆಂಡತಿಯ ಐದು ತೊಲ ಬೋರಮಳ ಸರವನ್ನು ನನ್ನ ಹಿರಿಮಗನಿಗೆ ಕೊಟ್ಟಿದ್ದೇನೆ.'

ಹೆಣ್ಣುಮಕ್ಕಳಿಗೆ ಈ ಸಾಲು ಗೊತ್ತೇ ಇರಲಿಲ್ಲ. ಗೊತ್ತಾಗಿದ್ದು ಒಂದು ಮದುವೆಯಲ್ಲಿ. ಇಲ್ಲೇ ಕಲಬುರಗಿಯ ಒಂದು ಕಲ್ಯಾಣ ಮಂಟಪ. ಸಣ್ಣ ಮಗಳು ಅಕ್ಷತೆ ಹಾಕಿ ಕೆಳಗಿಳಿದು ಬಂದರೆ, ಎದುರಿಗೆ ವೈನಿ, ಅಂದರೆ ಹಿರಿಯಣ್ಣನ ಹೆಂಡತಿ ಬರುತ್ತಿದ್ದಾರೆ, ಕೊರಳಲ್ಲಿ ಅವ್ವನ ಬೋರಮಳ. ಆ ಹೆಣ್ಣುಮಗಳು ಊಟಕ್ಕೆ ಕೂರಲಿಲ್ಲ. ಸೀದಾ ಬಸ್ ಸ್ಟ್ಯಾಂಡಿಗೆ ಹೋದರು. ಮುಂದಿನ ವಾರ ಅಣ್ಣನ ಮನೆಗೆ ನೋಟಿಸು ಹೋಯಿತು. ಭೀಮಾ ದಂಡೆಯ ಕಬ್ಬಿನ ಹೊಲ ಬಿಟ್ಟುಕೊಟ್ಟಾಕೆ, ಐದು ತೊಲಕ್ಕೆ ವಕೀಲರ ಹತ್ತಿರ ಬಂದಿದ್ದರು.

ಹೊಲ ಅಪ್ಪನ ಕಡೆಯಿಂದ ಬಂದದ್ದು. ಅದು ಅಣ್ಣಂದಿರಿಗೆ ಹೋಗುತ್ತದೆ ಅಂತ ಸಣ್ಣವರಿದ್ದಾಗಿಂದ ಕೇಳಿಕೊಂಡೇ ಬೆಳೆದಿರುತ್ತಾರೆ. ಬೋರಮಳ ಹಾಗಲ್ಲ. ಅದು ಅವ್ವನಿಗೆ ಅವ್ವನ ತವರಿನಿಂದ ಬಂದದ್ದು, ಹೆಣ್ಣಿನಿಂದ ಹೆಣ್ಣಿಗೆ ಹೋಗುವುದು ಅಂತ ಅವರ ಲೆಕ್ಕ. ಅದೂ ಹೋಯಿತು ಅಂದರೆ ಈ ಮನೆಯಲ್ಲಿ ನಂದು ಅಂತ ಏನೂ ಉಳಿಯಲಿಲ್ಲ ಅಂತ ಅರ್ಥ. ಹೊಲ ಬಿಟ್ಟದ್ದರಿಂದ ಬೋರಮಳದ ಭಾರ ಅವರಿಗೆ ಇನ್ನೂ ಜಾಸ್ತಿಯಾಗಿತ್ತು. ಗಂಡುಮಕ್ಕಳಿಗೆ ಇದು ತಿಳಿಯುವುದಿಲ್ಲ. 'ಹತ್ತು ಎಕರೆ ಬಿಟ್ಟಾಕಿ ಇಷ್ಟಕ್ಯಾಕ ಹಟಾ ಮಾಡ್ತಾಳ್ರಿ' ಅಂತ ಅಣ್ಣ ನನ್ನನ್ನೇ ಕೇಳಿದ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಬೋರಮಳ ಅವ್ವನದು. ತವರಿನಿಂದ ಬಂದ ಸ್ತ್ರೀಧನ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಹೆಂಗಸಿನ ಆಸ್ತಿಗೆ ಅವಳೇ ಪೂರ್ಣ ಒಡತಿ. ಆಕೆ ವಿಲ್ ಬರೆಯದೆ ತೀರಿಕೊಂಡರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಈ ಮನೆಯಲ್ಲಿ ಐದು ಜನ. ಐದು ತೊಲ. ಅಂದರೆ ಅವ್ವ ಕಣ್ಣು ಮುಚ್ಚಿದ ಗಳಿಗೆಗೆ ಅಪ್ಪನ ಪಾಲಿಗೆ ಬಂದದ್ದು ಒಂದೇ ತೊಲ. ಅಪ್ಪ ವಿಲ್‌ನಲ್ಲಿ ಐದೂ ತೊಲ ಬರೆದರು. ತನ್ನದಲ್ಲದ್ದನ್ನು ಯಾರೂ ಬರೆದುಕೊಡಲು ಆಗುವುದಿಲ್ಲ. ಹಿರಿಮಗನಿಗೆ ತನ್ನ ಪಾಲಿನದು ಒಂದು, ಅಪ್ಪನಿಂದ ಬಂದದ್ದು ಒಂದು, ಒಟ್ಟು ಎರಡು ತೊಲ. ಉಳಿದ ಮೂವರಿಗೆ ಒಂದೊಂದು.

ಇಲ್ಲಿ ಕೂತ ಗಂಡಸರಿಗೆ ಒಂದು ಮಾತು. 'ನನ್ನ ಹೆಂಡತಿಯ ಒಡವೆ' ಅಂತ ನಿಮ್ಮ ವಿಲ್‌ನಲ್ಲಿ ಬರೆಯುವ ಮುಂಚೆ ಒಂದು ಕ್ಷಣ ನಿಲ್ಲಿ. ಅದು ನಿಮ್ಮದಲ್ಲ. ಆಕೆ ಇದ್ದರೆ ಆಕೆಯ ವಿಲ್ ಬೇರೆ ಬರೆಸಿ. ನಮ್ಮ ಕಡೆ ಯಜಮಾನರು ಎಲ್ಲಾ ಸೇರಿಸಿ ಒಂದೇ ವಿಲ್ ಬರೆಸುತ್ತಾರೆ, ಹೆಂಗಸರ ವಿಲ್ ಅಪರೂಪ. ಜಗಳ ಅಲ್ಲಿಂದಲೇ ಶುರು.

ಸಣ್ಣ ಮಗಳ ವಾದ ಇನ್ನೊಂದಿತ್ತು. 'ನಮ್ಮವ್ವ ಇದು ನಿನಗೇ ಕೊಡ್ತೀನಿ ಅಂದಿದ್ಳ್ರಿ, ದೇವರಾಣಿ.' ನಾನು ನಂಬುತ್ತೇನೆ. ಕೋರ್ಟು ನಂಬಿದರೂ ಪ್ರಯೋಜನವಿಲ್ಲ. ಹಿಂದೂಗಳಲ್ಲಿ ಬಾಯಿಮಾತಿನ ವಿಲ್ ನಡೆಯುವುದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೇ ಕಲಮಿನಂತೆ ಅದು ಬರಹದಲ್ಲಿರಬೇಕು, ಬರೆದವರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು, ಕನಿಷ್ಠ ಇಬ್ಬರು ಸಾಕ್ಷಿ ಇರಬೇಕು. 'ಕೊಡ್ತೀನಿ' ಅಂದದ್ದಕ್ಕೆ ಬೆಲೆ ಇಲ್ಲ. ಅವ್ವ ಅವತ್ತೇ ಕೊರಳಿಂದ ತೆಗೆದು ಮಗಳ ಕೈಗೆ ಇಟ್ಟಿದ್ದರೆ ಅದು ದಾನ, ಅಲ್ಲಿಗೆ ಮುಗೀತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ವೈನಿ. ಊರಿನ ಮಾತಲ್ಲಿ ಎಲ್ಲ ತಪ್ಪೂ ಅವರದೇ. 'ವೈನಿ ಹಾಕ್ಕೊಂಡು ಮೆರದ್ಳು.' ಸ್ವಲ್ಪ ತಡೀರಿ. ಅವ್ವ ಪಾರ್ಶ್ವವಾಯು ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದರು. ಹೆಣ್ಣುಮಕ್ಕಳು ಬಂದು ನೋಡಿಕೊಂಡು ಹೋಗುತ್ತಿದ್ದರು, ಹಣ್ಣು ತರುತ್ತಿದ್ದರು. ಮೂರು ವರ್ಷ ಮೈ ಒರೆಸಿ, ಬಟ್ಟೆ ಬದಲಿಸಿ, ತುತ್ತು ಮಾಡಿ ಉಣ್ಣಿಸಿದ್ದು ವೈನಿ. ಆಕೆಗೆ ಕಾನೂನು ಎಷ್ಟು ಪಾಲು ಕೊಡುತ್ತದೆ? ಸೊನ್ನೆ. ಮಗ ಬದುಕಿರುವಾಗ ಸೊಸೆ ಅತ್ತೆಗೆ ವಾರಸುದಾರಳೇ ಅಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಅನ್ಯಾಯ ಆಗಿದೆ ಅನಿಸಿದ್ದು ವೈನಿಗೆ. ಆದರೆ ನಾನು ಆಕೆಯ ವಿರುದ್ಧ ಪಕ್ಷದ ವಕೀಲ, ಅವತ್ತು ಹೇಳುವ ಹಾಗಿರಲಿಲ್ಲ.

ದಾವೆ ನಡೆಯಿತು. ನಡುವೆ ಒಂದು ದಿನ ಒಡವೆಯ ತೂಕ ಮಾಡಿಸಲು ಕೋರ್ಟು ಕಮಿಷನರನ್ನು ನೇಮಿಸಿತು. ಎರಡೂ ಕಡೆಯವರು, ನಾವು ವಕೀಲರು, ಎಲ್ಲ ಸರಾಫ್ ಬಜಾರಿನ ಒಂದು ಅಂಗಡಿಯಲ್ಲಿ ಸೇರಿದೆವು. ಸರಾಫರು ಸರ ಹಿಡಿದು ನೋಡಿ ಮೊದಲ ಪ್ರಶ್ನೆ ಕೇಳಿದರು: 'ಐದು ತೊಲ ಅಂದ್ರ ಯಾವ ತೊಲಾ?' ಹಳೆಯ ತೊಲ 11.66 ಗ್ರಾಂ. ಈಗ ಬಜಾರಿನಲ್ಲಿ ತೊಲ ಅಂದರೆ 10 ಗ್ರಾಂ. ಹಳೆ ಲೆಕ್ಕಕ್ಕೆ ಐದು ತೊಲ 58 ಗ್ರಾಂ ದಾಟುತ್ತದೆ, ಹೊಸ ಲೆಕ್ಕಕ್ಕೆ 50. ವಿಲ್‌ನಲ್ಲಿ ಸುಮ್ನೆ ಐದು ತೊಲ ಅಂತ ಇದೆ. ಎಂಟು ಗ್ರಾಂ ಬಂಗಾರ ಇವತ್ತಿನ ಬೆಲೆಗೆ ಸಣ್ಣ ಮಾತಲ್ಲ.

ಎರಡನೇ ತೊಡಕು ಇನ್ನೂ ದೊಡ್ಡದು. ಹಳೆಯ ಬೋರಮಳದ ಮಣಿ ಗಟ್ಟಿ ಬಂಗಾರ ಅಲ್ಲ. ತೆಳು ತಗಡಿನ ಮಣಿ, ಒಳಗೆ ಅರಗು ತುಂಬಿರುತ್ತಾರೆ. ತಕ್ಕಡಿಯಲ್ಲಿ ಬರುವ ತೂಕದಲ್ಲಿ ಅರಗೂ ಸೇರಿರುತ್ತದೆ. 'ನಿಜವಾದ ಬಂಗಾರ ಎಷ್ಟು ಅಂತ ಹೇಳಬೇಕಂದ್ರ ಕರಗಿಸಬೇಕಾಗ್ತದ' ಅಂದರು ಸರಾಫರು. ಅಣ್ಣ, ತಂಗಿ ಇಬ್ಬರೂ ಒಟ್ಟಿಗೇ, 'ಕರಗಿಸಬ್ಯಾಡ್ರಿ!' ಅಂತ ಕೂಗಿದರು. ದಾವೆ ಶುರುವಾದ ಮೇಲೆ ಅವರಿಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು.

ಸರಾಫರು ಒಂದು ಮಣಿ ತೋರಿಸಿ, 'ಇದು ಚಪ್ಪಟೆ ಆಗ್ಯದ, ಹಲ್ಲಿನ ಗುರುತದ' ಅಂದರು. 'ಅದು ನಾ ಕಚ್ಚಿದ್ದು, ನಮ್ಮವ್ವ ಹೇಳತಿದ್ಳು' ಅಂತ ತಂಗಿ. 'ಏ, ಅದು ನಾನು ಕಚ್ಚಿದ್ದು' ಅಂತ ಅಣ್ಣ. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಕಮಿಷನರು ವರದಿಯಲ್ಲಿ ಇದನ್ನು ಹೇಗೆ ಬರೆಯುವುದು ಅಂತ ನನ್ನ ಮುಖ ನೋಡಿದರು. ಅರಗು ಸೇರಿ ಒಟ್ಟು ತೂಕ ಇಷ್ಟು ಅಂತ ಬರೆದು ಬಂದರು.

ಇದಾದ ಮೇಲೆ ನಾವು ಎರಡೂ ಕಡೆಯ ವಕೀಲರು ಮಾತಾಡಿಕೊಂಡು ಪ್ರಕರಣವನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಲು ಕೇಳಿಕೊಂಡೆವು. ಅಲ್ಲಿ ಕೂತ ಮಧ್ಯಸ್ಥಗಾರ್ತಿ ಒಂದು ಕೆಲಸ ಮಾಡಿದರು. ದಾವೆಯಲ್ಲಿ ಪಕ್ಷಗಾರಳೇ ಅಲ್ಲದ ವೈನಿಯನ್ನು ಕರೆಸಿ, ನೀವು ಹೇಳಿ ಅಂದರು. ಆಕೆ ಜಾಸ್ತಿ ಮಾತಾಡಲಿಲ್ಲ. 'ನಾ ಕೇಳಿ ಹಾಕ್ಕೊಂಡಿಲ್ರಿ. ಮಾವ ಕರದು ಕೊಟ್ರು. ಮೂರು ವರ್ಷ ಮಾಡೀದಿ, ಇದು ಇಟ್ಕೋ ಅಂದ್ರು.' ಅಪ್ಪ ಆ ಸಾಲು ಯಾಕೆ ಬರೆದಿದ್ದರು ಅಂತ ಹೆಣ್ಣುಮಕ್ಕಳಿಗೆ ಗೊತ್ತಾಗಿದ್ದು ಅವತ್ತು. ಹಿರಿಮಗನ ಹೆಸರು ಬರೆದಿದ್ದರೂ ಕೊಟ್ಟದ್ದು ಸೊಸೆಗೆ. ಆ ಕಾರಣದ ಒಂದೇ ಒಂದು ಸಾಲು ವಿಲ್‌ನಲ್ಲಿ ಇದ್ದಿದ್ದರೆ ಈ ದಾವೆ ನನ್ನ ತನಕ ಬರುತ್ತಿತ್ತಾ? ನನಗೆ ಅನುಮಾನ.

ಕೊನೆಗೆ ಆದದ್ದು ಇಷ್ಟು. ದೊಡ್ಡ ಮಗಳು, ಸಣ್ಣ ಮಗ ತಮ್ಮ ಪಾಲು ಬೇಡ ಅಂದರು. ಸರ ಬಿಚ್ಚಿ ಮಣಿಗಳನ್ನು ಎರಡು ಭಾಗ ಮಾಡಿ ಪೋಣಿಸಿದರು. ಒಂದು ಎಳೆ ವೈನಿಗೆ, ಒಂದು ಸಣ್ಣ ಮಗಳಿಗೆ. ಇಬ್ಬರೂ ತಮ್ಮ ತಮ್ಮ ಖರ್ಚಿನಲ್ಲಿ ಹೊಸ ಮಣಿ ಸೇರಿಸಿಕೊಂಡರು. ಕೋರ್ಟಿನ ತೀರ್ಪಿನಲ್ಲಿ ಹೀಗೆ ಆಗುತ್ತಿರಲಿಲ್ಲ. ವೈನಿಗೆ ಕೊಡಲು ಕಾನೂನಿನಲ್ಲಿ ದಾರಿಯೇ ಇಲ್ಲ. ರಾಜಿಯಲ್ಲಿ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳದವರನ್ನೂ ಕೂರಿಸಬಹುದು. ಹಾಗಂತ ಆ ಮನೆ ಮೊದಲಿನಂತಾಯಿತು ಅಂತ ಹೇಳಲ್ಲ. ಪಂಚಮಿಗೆ ಫೋನು ಬಂತು ಅಂತ ಆಮೇಲೆ ಕೇಳಿದೆ, ಹೋದರೋ ಇಲ್ಲವೋ ಗೊತ್ತಿಲ್ಲ.

ಪಾಳಿ ಪ್ರಕಾರ ಹಾಕಿಕೊಂಡರೆ ಆಗಲ್ವಾ ಅಂತ ಯಾರೋ ಹಿಂದಿನಿಂದ ಕೇಳುತ್ತಿದ್ದೀರಿ. ಮನೆದೇವರ ಮೂರ್ತಿಗೆ ಅದು ಆಗುತ್ತದೆ. ದೇವರು ಪಾಲಾಗುವುದಿಲ್ಲ, ಪೂಜೆ ಪಾಳಿಯಲ್ಲಿ ನಡೆಯಲಿ ಅಂತ ಕೋರ್ಟುಗಳೇ ಹೇಳುತ್ತವೆ. ಬಂಗಾರಕ್ಕೆ ಪಾಳಿ ನಾನು ಯಾರಿಗೂ ಹೇಳುವುದಿಲ್ಲ. ಎರಡು ಮದುವೆ ತನಕ ಸರಿಯಾಗಿ ತಿರುಗುತ್ತದೆ. ಮೂರನೇ ಮದುವೆಗೆ 'ಲಾಕರ್ ಚಾವಿ ಸಿಗವಲ್ದು' ಅಂತ ಶುರುವಾಗುತ್ತದೆ.

ಬೀದರಿನ ಒಂದು ಮನೆಯದು ಬೇರೆ ಥರ. ಮುಸ್ಲಿಂ ಕುಟುಂಬ. ಮುತ್ತಜ್ಜನ ಕಾಲದ ಬಿದ್ರಿ ಹುಕ್ಕಾ. ನೀವು ನೋಡಿದ್ದೀರಿ, ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೀರುಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದವರೆಲ್ಲ ಖುಷಿಪಟ್ಟರು. ಕರಗಿಸಿದರೆ ಬಿದ್ರಿಯಲ್ಲಿ ಸಿಗುವುದು ಸತುವು. ಬೆಲೆ ಎಲ್ಲ ಕೆಲಸದ್ದು, ವಯಸ್ಸಿನದು.

ಅಪ್ಪ ಉರ್ದುವಿನಲ್ಲಿ ವಸೀಯತ್‌ನಾಮಾ ಬರೆದು ಹುಕ್ಕಾ ಹಿರಿಮಗನಿಗೆ ಅಂದಿದ್ದರು. ಸಹಿ, ಸಾಕ್ಷಿ ಎಲ್ಲ ಪಕ್ಕಾ. ಆದರೂ ನಿಲ್ಲಲಿಲ್ಲ. ಸುನ್ನಿ ಮುಸ್ಲಿಮರ ವೈಯಕ್ತಿಕ ಕಾನೂನಿನಲ್ಲಿ ವಸೀಯತ್‌ಗೆ ಎರಡು ಮಿತಿ ಇವೆ. ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಮತ್ತು ವಾರಸುದಾರನಿಗೇ ಬರೆದರೆ ಉಳಿದ ವಾರಸುದಾರರು, ಬರೆದವರು ತೀರಿದ ಮೇಲೆ, ಒಪ್ಪಬೇಕು. ಹಿರಿಮಗ ವಾರಸುದಾರ. ತಮ್ಮಂದಿರು ಒಪ್ಪಲಿಲ್ಲ. ಅಲ್ಲಿಗೆ ಆ ಕಾಗದ ಇದ್ದೂ ಇಲ್ಲದಂತೆ. ಬಾಯಿಮಾತಿನ ವಸೀಯತ್ ಈ ಕಾನೂನಿನಲ್ಲಿ ನಡೆಯುತ್ತದೆ, ಆದರೆ ಈ ಒಪ್ಪಿಗೆಯ ಷರತ್ತು ಅದಕ್ಕೂ ಇದೆ.

ಈ ಜಗಳ ಎಲ್ಲಿಗೆ ಬಂತು ಅಂದರೆ, ಹುಕ್ಕಾದ ಬುಡ ಒಬ್ಬರ ಮನೆಯಲ್ಲಿ, ಚಿಲುಮೆ ಇನ್ನೊಬ್ಬರ ಮನೆಯಲ್ಲಿ. ಎರಡೂ ಕಡೆ ಗಾಜಿನ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಾನು ಎರಡೂ ನೋಡಿ ಬಂದಿದ್ದೇನೆ. ನಡುವಿನ ನಳಿಗೆ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ.

ಅದೇ ಮನೆಯ ಇನ್ನೊಬ್ಬ ತಮ್ಮ ಅಮೆರಿಕದಲ್ಲಿ. ಅವರಿಗೆ ಹುಕ್ಕಾ ಅಲ್ಲಿಗೆ ಒಯ್ಯುವ ಆಸೆ. ಆಗುವುದಿಲ್ಲ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತು. ಹಸ್ತಪ್ರತಿ ಆದರೆ 75 ವರ್ಷ. ಖಾಸಗಿ ಜನ ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಓಲೆಗರಿ ಕಟ್ಟು ಇದ್ದರೆ, ಮಕ್ಕಳು ವಿದೇಶದಲ್ಲಿದ್ದರೆ, ವಿಲ್ ಬರೆಯುವಾಗ ಇದನ್ನು ನೆನಪಿಡಿ.

ಈಗ ವಿಲ್‌ನಲ್ಲಿ ಇಂಥ ವಸ್ತು ಬರೆಯುವವರು ಎಲ್ಲಿ ಎಡವುತ್ತಾರೆ ಅಂತ ಹೇಳುತ್ತೇನೆ. 1925ರ ಕಾಯ್ದೆಯನ್ನು ಓದಿದರೆ ಬೇಸರ ಬರುವುದಿಲ್ಲ, ನಿಜಕ್ಕೂ. ಒಳ್ಳೊಳ್ಳೆ ಉದಾಹರಣೆ ಕೊಟ್ಟಿದ್ದಾರೆ. ಯಾರೋ ಒಬ್ಬ 'ಹಣ, ಗೋಧಿ, ಎಣ್ಣೆ ಕೊಟ್ಟಿದ್ದೇನೆ' ಅಂತ ಬರೆದು ಎಷ್ಟು ಅಂತ ಹೇಳದಿದ್ದರೆ ಅದು ಅಸ್ಪಷ್ಟ, ನಡೆಯುವುದಿಲ್ಲ. 'ಪಟ್ಟಿಯಲ್ಲಿರುವ ವಸ್ತುಗಳು' ಅಂತ ಬರೆದು ಪಟ್ಟಿಯೇ ಸಿಗದಿದ್ದರೂ ಅಷ್ಟೇ. 89ನೇ ಕಲಮು. ನಮ್ಮವರು ಮಾಡುವುದೂ ಅದನ್ನೇ. 'ನನ್ನ ಬಂಗಾರದ ಸರ ಮಗಳಿಗೆ' ಅಂತ ಬರೆಯುತ್ತಾರೆ. ಸರ ಮೂರು ಇರುತ್ತವೆ, ಮಗಳು ಇಬ್ಬರು. ಫೋಟೋ ತೆಗೆಸಿ, ಗ್ರಾಂನಲ್ಲಿ ತೂಕ ಬರೆಯಿರಿ, ಯಾರಿಂದ ಬಂದದ್ದು ಅಂತ ಒಂದು ಸಾಲು ಸೇರಿಸಿ. ಮೊದಲು ಒಂದು ಕಡೆ ಸರ ಅಕ್ಕನಿಗೆ, ಕೊನೆಯಲ್ಲಿ ಅದೇ ಸರ ತಂಗಿಗೆ ಅಂತ ಬರೆದರೆ ಕೊನೆಯದೇ ನಿಲ್ಲುತ್ತದೆ. ಹೊಡೆದುಹಾಕಿ ತಿದ್ದಿದರೆ, ತಿದ್ದಿದ ಜಾಗಕ್ಕೆ ಮತ್ತೆ ನಿಮ್ಮ ಸಹಿ, ಸಾಕ್ಷಿಗಳ ಸಹಿ ಬೇಕು.

ಹೆಂಗಸರು ಇದನ್ನು ಕೇಳಿಸಿಕೊಳ್ಳಿ. ಬೋರಮಳ ಮಗಳಿಗೆ ಅಂತ ವಿಲ್ ಬರೆದು, ಎರಡು ವರ್ಷ ಬಿಟ್ಟು ಅದನ್ನೇ ಕರಗಿಸಿ ಬಳೆ ಮಾಡಿಸಿಕೊಂಡರೆ ಮಗಳಿಗೆ ಬಳೆ ಸಿಗುತ್ತದೆ ಅಂದುಕೊಳ್ಳಬೇಡಿ. ವಿಲ್‌ನಲ್ಲಿ ಹೆಸರಿಸಿದ ವಸ್ತುವೇ ಇಲ್ಲವಾಯಿತು, ಆ ಸಾಲು ಬಿದ್ದುಹೋಗುತ್ತದೆ. 152ನೇ ಕಲಮು. ಅಡವು ಇಟ್ಟ ಒಡವೆಯಾದರೆ 167ನೇ ಕಲಮು. ನೀವು ಬೆಳೆ ಸಾಲಕ್ಕೋ ಮೊಮ್ಮಗನ ಫೀಜಿಗೋ ಸರ ಬ್ಯಾಂಕಿನಲ್ಲಿ ಇಟ್ಟು ತೀರಿಕೊಂಡರೆ, ವಿಲ್‌ನಲ್ಲಿ ಬೇರೆ ಥರ ಹೇಳದಿದ್ದರೆ, ಸರ ಪಡೆಯುವವರೇ ಸಾಲ ತೀರಿಸಿ ಬಿಡಿಸಿಕೊಳ್ಳಬೇಕು. ಎಷ್ಟೋ ಹೆಣ್ಣುಮಕ್ಕಳಿಗೆ ಅವ್ವನ ನೆನಪಿನ ಜೊತೆ ಬಡ್ಡಿಯೂ ಬಂದಿದೆ.

ಸಾಕ್ಷಿಗಳ ವಿಚಾರ. ನಿಮ್ಮ ವಯಸ್ಸಿನ ಗೆಳೆಯರನ್ನು ಸಾಕ್ಷಿ ಮಾಡಬೇಡಿ. ನಗಬೇಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ವಿಲ್ ಜಗಳಕ್ಕೆ ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದರೆ ಕೋರ್ಟಿಗೆ ಬಂದು ಹೇಳಲೇಬೇಕು. ನೋಂದಣಿ ಮಾಡಿಸಿದ ವಿಲ್‌ಗೂ ಇದು ತಪ್ಪುವುದಿಲ್ಲ. ನಲವತ್ತರ ಒಳಗಿನ, ಊರು ಬಿಟ್ಟು ಹೋಗದ, ಪಾಲಿಲ್ಲದ ಇಬ್ಬರನ್ನು ಹಿಡಿಯಿರಿ. ಪಾಲು ಪಡೆಯುವ ಮಗನೇ ಆಟೋ ತಂದು, ವಕೀಲರನ್ನು ಗೊತ್ತು ಮಾಡಿ, ಸಾಕ್ಷಿಗಳನ್ನು ಕರೆಸಿ, ಅಪ್ಪನ ಕೈ ಹಿಡಿದು ಸಹಿ ಹಾಕಿಸಿದ ವಿಲ್ ಆದರೆ ಕೋರ್ಟು ಹುಬ್ಬೇರಿಸುತ್ತದೆ. ಹೆಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಅಂತ ನಮ್ಮ ಮೈಸೂರು ರಾಜ್ಯದಿಂದಲೇ ಹೋದದ್ದು. ಲಾಭ ಪಡೆಯುವವನೇ ಮುಂದೆ ನಿಂತು ಮಾಡಿಸಿದ ವಿಲ್ ಆದರೆ, ಆ ಅನುಮಾನ ಕಳೆಯುವ ಹೊಣೆ ಅವನ ಮೇಲೆಯೇ ಅಂತ ಸುಪ್ರೀಂ ಕೋರ್ಟು 1958ರಲ್ಲಿ ಹೇಳಿತು. ಇವತ್ತಿಗೂ ವಿಲ್ ದಾವೆಯಲ್ಲಿ ಎರಡೂ ಕಡೆಯವರು ಅದನ್ನೇ ಓದುತ್ತಾರೆ.

ಲಾಕರಿಗೆ ನಾಮಿನಿ ಮಾಡಿದ್ದೇನೆ, ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ನಾಮಿನಿ ಬ್ಯಾಂಕಿನಿಂದ ತೆಗೆದುಕೊಳ್ಳುವ ಕೈ ಮಾತ್ರ. ತೆಗೆದುಕೊಂಡದ್ದನ್ನು ವಾರಸುದಾರರಿಗೆ ಅಥವಾ ವಿಲ್‌ನಲ್ಲಿ ಇದ್ದವರಿಗೆ ಕೊಡಬೇಕು. ವಿಮೆಯ ವಿಷಯದಲ್ಲೂ 1983ರ ಸರಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿ. ಹೊಲಕ್ಕೆ, ಮನೆಗೆ ವಿಲ್ ಬರೆಯಿರಿ. ಬೋರಮಳಕ್ಕೆ ಬೇಡ. ಅದನ್ನು ಕೈಯಾರೆ ಕೊಟ್ಟುಬಿಡಿ. ಚರಾಸ್ತಿಯ ದಾನಕ್ಕೆ ನೋಂದಣಿ ಬೇಕಾಗಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 123ನೇ ಕಲಮಿನಂತೆ ವಸ್ತು ಕೈಗೆ ಕೊಟ್ಟರೆ ಸಾಕು. ಮುಸ್ಲಿಮರಲ್ಲಿ ದಾನಕ್ಕೆ ಹಿಬಾ ಅನ್ನುತ್ತಾರೆ, ಅದಕ್ಕೂ ಅಷ್ಟೇ: ಕೊಟ್ಟೆ ಅನ್ನಬೇಕು, ತಗೊಂಡೆ ಅನ್ನಬೇಕು, ಕೈ ಬದಲಾಗಬೇಕು. ಹಿಬಾದಲ್ಲಿ ಮೂರನೇ ಒಂದು ಭಾಗದ ಮಿತಿಯೂ ಇಲ್ಲ. ಆ ಬೀದರಿನ ಯಜಮಾನರು ಹುಕ್ಕಾವನ್ನು ಮಗನ ಕೈಗೆ ಕೊಟ್ಟಿದ್ದರೆ ಇವತ್ತು ಅದು ಇಡಿಯಾಗಿ ಇರುತ್ತಿತ್ತು. ತಂದೆ-ತಾಯಿ ಮಕ್ಕಳಿಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯೂ ಇಲ್ಲ. ಪಂಚಮಿಗೆ ಎಲ್ಲ ಮಕ್ಕಳೂ ಬಂದಿರುತ್ತಾರೆ. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಇದು ಇವಳಿಗೆ, ಯಾಕಂದರೆ ಹೀಗೆ ಅಂತ ಬಾಯಿ ಬಿಟ್ಟು ಹೇಳಿ. ಮೊಮ್ಮಕ್ಕಳಿಗೆ ಮೊಬೈಲಲ್ಲಿ ವಿಡಿಯೋ ಮಾಡಲು ಹೇಳಿ. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ. ನೀವಿದ್ದಾಗಿನ ಮುನಿಸಿಗೆ ನೀವೇ ಉತ್ತರ ಕೊಡಬಹುದು.

ಮುಂದಿನ ಸಾಲಿನ ತಾಯಿಯವರು ಕೈ ಎತ್ತಿದ್ದಾರೆ. 'ಮೈಮ್ಯಾಲಿನ ಬಂಗಾರ ಕೊಟ್ಟ ಮ್ಯಾಲ ನಮ್ಮನ್ನ ಯಾರು ನೋಡ್ತಾರ್ರಿ, ಸಾಹೇಬ್ರ?' ಇದು ಇವತ್ತಿನ ಅಸಲಿ ಪ್ರಶ್ನೆ. ನನ್ನ ಸಲಹೆ ಎಲ್ಲರಿಗೂ ಹೊಂದುವುದಿಲ್ಲ ಅಂತ ಒಪ್ಪುತ್ತೇನೆ. ಕೊರಳಲ್ಲಿ ಬಂಗಾರ ಇರುವ ತನಕ ಮರ್ಯಾದೆ ಅನ್ನುವ ಮನೆಗಳಿವೆ. ಅಂಥ ಅನುಮಾನ ಒಂದು ಚೂರು ಇದ್ದರೂ ಕೊಡಬೇಡಿ. ವಿಲ್ ಬರೆಯಿರಿ, ಯಾವಾಗ ಬೇಕಾದರೂ ಬದಲಿಸಬಹುದು, ಕೊನೆಯ ವಿಲ್ ನಿಲ್ಲುತ್ತದೆ. ಕೊಡುವುದೇ ಆದರೆ, 'ನನ್ನನ್ನು ನೋಡಿಕೊಳ್ಳಬೇಕು, ಅದಕ್ಕೇ ಕೊಡುತ್ತಿದ್ದೇನೆ' ಅಂತ ಕಾಗದದಲ್ಲಿ ಬರೆದು ಕೊಡಿ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನಲ್ಲಿ, ಆ ಷರತ್ತು ಮುರಿದರೆ ಕೊಟ್ಟದ್ದನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಯವರ ಮುಂದೆ, ಅದೇ ಎ.ಸಿ. ಆಫೀಸು. ಷರತ್ತು ಬರೆದಿಲ್ಲದಿದ್ದರೆ ಅಲ್ಲಿ ಕಷ್ಟವಾಗುತ್ತದೆ, ಅದಕ್ಕೇ ಬರೆಯಿರಿ ಅನ್ನುತ್ತಿದ್ದೇನೆ.

ದುಡ್ಡಿಲ್ಲ, ವಕೀಲರ ಫೀಸು ಕೊಡಲು ಆಗಲ್ಲ ಅನ್ನುವ ಹೆಣ್ಣುಮಕ್ಕಳಿಗೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ನೋಡುವುದಿಲ್ಲ. 15100ಕ್ಕೆ ಫೋನು ಮಾಡಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದೇ ಅಂತಿಮ, ಅಪೀಲು ಇಲ್ಲ. ಹಾಗಾಗಿ ಸಹಿ ಮಾಡುವ ಮುಂಚೆ ಯಾವ ಸರ, ಎಷ್ಟು ಗ್ರಾಂ, ಯಾವತ್ತು ಕೈಗೆ ಬರುತ್ತದೆ ಅಂತ ಓದಿಸಿ ಕೇಳಿ.

ಕೊನೆಯ ಪ್ರಶ್ನೆ, ವಿಲ್ ಎಲ್ಲಿ ಇಡಬೇಕು. ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಮಾಡಿಸಿದರೆ ಪ್ರತಿ ಅಲ್ಲಿ ಉಳಿಯುತ್ತದೆ. ಒಳಗೇನಿದೆ ಯಾರಿಗೂ ಗೊತ್ತಾಗಬಾರದು ಅಂದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದು, 1908ರ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಮನೆಯಲ್ಲೇ ಇಡುವುದಾದರೆ ಎಲ್ಲಿದೆ ಅಂತ ಇಬ್ಬರಿಗಾದರೂ ಹೇಳಿ, ಅದರಲ್ಲಿ ಒಬ್ಬರು ಮಗಳಾಗಿರಲಿ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ಲಾಕರ್ ಯಾರು ತೆಗೆಯಬೇಕು ಅಂತ ಜಗಳ ಬಂದಾಗ ಬ್ಯಾಂಕಿನವರು ಮೊದಲು ವಿಲ್ ತೋರಿಸಿ ಅನ್ನುತ್ತಾರೆ.